ಒಂದು ಗಾದಿ, ಇಬ್ಬರು ನೆಗೆಣ್ಣಿಯರು, ಒಬ್ಬ ಕವಿ

ಗಾಳಿ ಏಳುವ ಮುಂಚೆ ಹತ್ತಿಯ ಕೆಲಸ ಮುಗಿಯಬೇಕು. ತಡವಾದರೆ ಹಿಂಜಿದ ಅರಳೆ ಹಾರಿ ಪಕ್ಕದ ಮನೆಯವರ ಸಾರಿನೊಳಗೂ ಹೋಗಿ ಕೂಡುತ್ತದೆ. ಗಜೇಂದ್ರಗಡದ ಗುಡ್ಡದ ಮೇಲೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ, ಮೆಹಬೂಬಸುಭಾನಿ ನದಾಫ ಆಗಲೇ ತಮ್ಮ ಮನೆಯ ಅಂಗಳದಲ್ಲಿ ಕೂತು ಹತ್ತಿ ಹಿಂಜುವ ಬಿಲ್ಲಿನ ಹೆದೆ ಬಡಿಯುತ್ತಿದ್ದಾರೆ. ಹಳೆಯ ಗಾದಿಯಿಂದ ಬಂದ ಗಂಟುಗಂಟಾದ ಹತ್ತಿ ಒಂದೊಂದೇ ಬಡಿತಕ್ಕೆ ಬಿಡಿಸಿಕೊಂಡು ಉಬ್ಬುತ್ತಿದೆ. ಅವರ ತಲೆ, ಹುಬ್ಬು, ಮೀಸೆ ಎಲ್ಲ ಬೆಳ್ಳಗಾಗಿವೆ.

"ವಯಸ್ಸ ನೋಡಿ ಹೆದರಬ್ಯಾಡ್ರಿ," ಎನ್ನುತ್ತಾರೆ ನನ್ನನ್ನು ಕಂಡು. "ಮೈ ಝಾಡಿಸಿದ್ನಿ ಅಂದ್ರ ಮತ್ತ ಹರೇದಾಂವ ಆಗತೀನಿ."

ಗಾದಿ ಹೊಲಿಯುವವರು ಈ ಸೀಮೆಯಲ್ಲಿ ಬೇಕಾದಷ್ಟು ಜನ ಇದ್ದಾರೆ. ಆದರೆ ರೋಣ, ನರಗುಂದದ ಸುತ್ತಿನ ಹಳ್ಳಿಗಳಲ್ಲಿ ‘ಗಾದಿ ಕವಿ’ ಅಂದರೆ ಇವರೊಬ್ಬರೇ. ಒಂದು ಸಾಲು ಕವಿತೆ ಬರೆಯದಿದ್ದರೂ ನಾಟಕ ಬರೆದವರು ಇಲ್ಲಿ ಕವಿಯೇ. ಊರ ಹುಡುಗರು ಆಡುವ ನಾಟಕದ ಹ್ಯಾಂಡ್‌ಬಿಲ್ಲಿನಲ್ಲಿ ಪಾತ್ರಧಾರಿಗಳ ಹೆಸರು, ದೇಣಿಗೆ ಕೊಟ್ಟವರ ಹೆಸರು, ಮೈಕ್‌ಸೆಟ್ಟಿನವರ ಹೆಸರು ದಪ್ಪ ಅಕ್ಷರದಲ್ಲಿ ಇರುತ್ತವೆ. ಮೂಲೆಯಲ್ಲಿ ಜಾಗ ಉಳಿದರೆ ಕವಿಯ ಹೆಸರು. ಉಳಿಯದಿದ್ದರೆ ಕವಿಯೂ ತಕರಾರು ಮಾಡುವುದಿಲ್ಲ.

ನಾಟಕದ ಮಾತುಗಳು ಎಲ್ಲಿಂದ ಸಿಗುತ್ತವೆ ಎಂದು ಕೇಳಿದರೆ ಅವರು ಪಕ್ಕದಲ್ಲಿದ್ದ ದಬ್ಬಣ ಎತ್ತಿ ತೋರಿಸುತ್ತಾರೆ. "ಹಿಂಜೂ ಮುಂದ ಏನೂ ಕೇಳಸೂದಿಲ್ರಿ, ಬರೇ ಸಪ್ಪಳ. ಹೊಲಿಯೂ ಮುಂದ ಮಾತ್ರ ಎಲ್ಲಾ ಕೇಳಸ್ತದ. ತಲಿ ತಗ್ಗಿಸಿ ಕುಂತೀರತೀನಿ, ಮನಿಯವರು ನಾ ಅದೀನಿ ಅನ್ನೂದ ಮರತಬಿಡ್ತಾರ. ಅತ್ತಿ ಸೊಸಿಗಿ ಅಂತಾಳ, ಸೊಸಿ ಬೆಕ್ಕಿಗಿ ಅಂತಾಳ. ನಾ ಏನ ಬರಿಯೂದೈತ್ರಿ ಅದರಾಗ? ಅವರ ಬರದ ಕೊಟ್ಟಂಗ." ಊರಿಗೊಂದು ಹಿಂಜುವ ಮಶೀನು ಬಂದ ಮೇಲೆ ಕೆಲಸ ಅರ್ಧಕ್ಕೆ ಇಳಿದಿದೆ. ಆದರೂ ಅವರು ಬಿಲ್ಲು ಬಿಟ್ಟಿಲ್ಲ. ಮಶೀನಿನ ಅಂಗಡಿಯಲ್ಲಿ ಕೂತರೆ ಯಾರ ಮನೆಯ ಅಂಗಳವೂ ಸಿಗುವುದಿಲ್ಲ ಎನ್ನುವುದು ಅವರ ಚಿಂತೆ.

ಕೇಳಿಸಿಕೊಂಡದ್ದನ್ನು ಅವರು ಹೇಳುತ್ತಾ ಹೋಗುತ್ತಾರೆ, ಕಾಗದಕ್ಕೆ ಇಳಿಸುವವರು ಹೆಂಡತಿ ಸಾಬೀರಾ. ಅಕ್ಷರ ಅವರದೇ ದುಂಡಗಿದೆ. ಬರೀ ಬರೆದು ಸುಮ್ಮನಿರುವ ಪೈಕಿಯೂ ಅಲ್ಲ ಅವರು. "ಹೆಂಗಸೂರ ಜಗಳಾ ಇವರು ಗಂಡಸೂರಂಗ ಹೇಳತಾರ್ರಿ, ಎರಡ ಮಾತಿಗಿ ಮುಗಸತಾರ. ಹಂಗೆಲ್ಲಿ ಮುಗೀತದ? ನಾ ಮುಂದ ಬೆಳಸತೀನಿ," ಎಂದು ಚಹಾ ಕೊಡುತ್ತಾ ನಗುತ್ತಾರೆ.

ನಾನು ಇಷ್ಟು ದೂರ ಬಂದದ್ದು ಈ ಕವಿಯ ಒಂದು ನೇಮ ಕೇಳಿ. ಯಾರ ಮನೆಯ ಮಾತು ಎತ್ತಿಕೊಂಡರೋ ಅವರ ಅಂಗಳಕ್ಕೇ ಹೋಗಿ ನಾಟಕ ಓದಿ ಹೇಳುತ್ತಾರೆ. ಅವರು ಹೂಂ ಅಂದರೆ ಮಾತ್ರ ಅದು ರಂಗಕ್ಕೆ ಹೋಗುತ್ತದೆ. ನಮ್ಮಂಥ ಬರೆಯುವವರ ಕುಲಕ್ಕೆ ಇದು ಕೇಳಿ ಗೊತ್ತಿಲ್ಲದ ಸಂಗತಿ. ಬಸ್ಸಿನಲ್ಲಿ ಪಕ್ಕದವರ ಮಾತಿಗೆ ಕಿವಿ ಕೊಟ್ಟು, ಮನೆಗೆ ಬಂದು ಅದನ್ನು ಸ್ಫೂರ್ತಿ ಎಂದು ಕರೆಯುವ ಮಂದಿ ನಾವು.

ಈ ನೇಮಕ್ಕೂ ಒಂದು ಕಥೆಯಿದೆ. ಮೊದಲ ನಾಟಕದಲ್ಲಿ ಹೊಸ ಗಾದಿ ಮಾಡಿಸಿ, ಅದರ ಮೇಲೆ ಯಾರನ್ನೂ ಮಲಗಗೊಡದೆ ತಾನೂ ನೆಲದ ಮೇಲೆ ಮಲಗುವ ಒಬ್ಬ ಅತ್ತೆ ಇದ್ದಳು. ಹೆಸರು ಬದಲಿಸಿದ್ದರು, ಊರು ಬದಲಿಸಿದ್ದರು. ಆದರೂ ಇಟಗಿಯಲ್ಲಿ ಮೂರು ಮನೆಯ ಅತ್ತೆಯಂದಿರು ಅದು ತಾನೇ ಎಂದು ಸಿಟ್ಟಾಗಿ ಇವರನ್ನು ಕೆಲಸಕ್ಕೆ ಕರೆಯುವುದನ್ನು ಬಿಟ್ಟರು. "ಖರೇ ಯಾರ ಮನಿ ಗಾದಿ ಇತ್ತೋ, ಆಕಿ ಮುಂದ ಕುಂತು ಎಲ್ಲಾರಕಿಂತ ಜೋರ ನಗತಿದ್ಲ್ರಿ," ಎಂದು ಅವರು ಈಗಲೂ ಕಣ್ಣೊರೆಸಿಕೊಂಡು ನಗುತ್ತಾರೆ. ಅಂದಿನಿಂದ ಕೇಳದೆ ಯಾರ ಮಾತನ್ನೂ ಹಾಕುವುದಿಲ್ಲ.

ಈ ಸಲದ ನಾಟಕ ಹೊಳೆಆಲೂರಿನದು. ಅಣ್ಣತಮ್ಮಂದಿರ ಹೆಂಡಂದಿರಾದ ಇಬ್ಬರು ನೆಗೆಣ್ಣಿಯರು, ಹಿರಿಯಾಕೆ ದೇವವ್ವ, ಕಿರಿಯಾಕೆ ಸಣ್ಣವ್ವ. ಮನೆ ಪಾಲಾಗಿ ನಡುವೆ ಗೋಡೆ ಎದ್ದಾಗ ಬಚ್ಚಲ ನೀರು ಯಾರ ಕಡೆ ಹರಿಯಬೇಕು ಎಂದು ಮಾತು ಬಿಟ್ಟವರು. ಹೋದ ಮಳೆಗಾಲ ಹೊಳೆ ಊರೊಳಗೆ ಬಂದಾಗ ಎಲ್ಲರಂತೆ ಇವರೂ ರೈಲ್ವೆ ಸ್ಟೇಶನ್ನಿಗೆ ಓಡಿದರು. ಎರಡೂ ಮನೆಗೆ ಸೇರಿ ಉಳಿದದ್ದು ಅತ್ತೆಯ ಕಾಲದ ಒಂದು ದೊಡ್ಡ ಗಾದಿ. ಅದರ ಮೇಲೆ ಬೆನ್ನಿಗೆ ಬೆನ್ನು ಕೊಟ್ಟು ಮಲಗಿದರು. ಅಲ್ಲಿಯೇ ಒಬ್ಬಾಕೆ ಇನ್ನೊಬ್ಬಾಕೆಗೆ, ಹೊದಿಕೆ ಎಳೆದುಕೋ, ಥಂಡಿ ಇದೆ ಅಂದಳು. ಆಮೇಲೆ ನೀರು ಇಳಿಯುವ ತನಕ ಇಬ್ಬರ ಬಾಯಿಗೂ ಬಿಡುವಿರಲಿಲ್ಲವಂತೆ.

ಊರಿಗೆ ಮರಳಿದಾಗ ಗಾದಿ ಯಾರದು ಎನ್ನುವ ಪ್ರಶ್ನೆ ಬಂತು. ಅದನ್ನು ಎರಡು ಮಾಡಿಕೊಡು ಎಂದು ಮೆಹಬೂಬಸುಭಾನಿಯವರಿಗೆ ಕರೆ ಬಂತು. ಮಾಡಿಕೊಟ್ಟರು. ಗೋಡೆಯ ಈಚೆ ಹೊಲಿಯುವಾಗ ದೇವವ್ವ ತಮ್ಮ ಕಥೆ ಹೇಳಿದರು, ಆಚೆ ಹೊಲಿಯುವಾಗ ಸಣ್ಣವ್ವ ತಮ್ಮದು ಹೇಳಿದರು. ಗಾದಿ ಎರಡಾದ ಮೇಲೆ ಇಬ್ಬರ ನಡುವಿನ ಮಾತು ಮತ್ತೆ ನಿಂತಿತು.

"ಕತ್ತರಿ ಹಾಕಿದಾಂವ ನಾನ ಅಲ್ಲೇನ್ರೀ," ಎನ್ನುತ್ತಾರೆ ಕವಿ, ನಾವಿಬ್ಬರೂ ಹತ್ತಿದ ಹೊಳೆಆಲೂರಿನ ಬಸ್ಸಿನಲ್ಲಿ. ಇಟಗಿಯಲ್ಲಿ ಗ್ಯಾನಪ್ಪ ಎನ್ನುವವರ ನಾಟಕದ ತಂಡ ಇದರ ತಾಲೀಮು ಶುರು ಮಾಡಿಯಾಗಿದೆ. ದೇವವ್ವ ಕೇಳಿ ಒಪ್ಪಿದ್ದಾರೆ. ಸಣ್ಣವ್ವ ಮಾತ್ರ ಇವತ್ತು ನಾಳೆ ಎಂದು ದೂಡುತ್ತಾ ಬಂದು, ಕೊನೆಗೆ ಇವತ್ತು ಬಾ ಅಂದಿದ್ದಾರೆ.

"ಅವರು ಬ್ಯಾಡ ಅಂದ್ರ?"

"ಬ್ಯಾಡ ಅಂದ್ರ ಬ್ಯಾಡ್ರಿ. ತಾಲೀಮು ಬಂದ್. ಮಾತು ಅವರೂವು," ಎಂದವರು ರೋಣ ದಾಟುವ ತನಕ ಕಿಟಕಿಯ ಹೊರಗೇ ನೋಡುತ್ತಾರೆ. ಬೆಳಗಿನ ನಗೆ ಮುಖದಲ್ಲಿಲ್ಲ.

ಸಣ್ಣವ್ವನ ಅಂಗಳ. ಎದೆಮಟ್ಟದ ಗೋಡೆಯ ಆಚೆ ದೇವವ್ವ ಪಾತ್ರೆ ತಿಕ್ಕುತ್ತಿದ್ದಾರೆ. ಮೆಹಬೂಬಸುಭಾನಿ ಓದತೊಡಗಿದಂತೆ ಪಾತ್ರೆಯ ಸದ್ದು ನಿಲ್ಲುತ್ತದೆ. ಸಣ್ಣವ್ವ ಮೊಣಕಾಲಿಗೆ ಗದ್ದ ಊರಿ, ನಗದೆ, ಸಿಟ್ಟಾಗದೆ ಕೇಳುತ್ತಿದ್ದಾರೆ. ಸ್ಟೇಶನ್ನಿನ ಸೀನು ಬರುತ್ತದೆ. ಕಿರಿಯ ನೆಗೆಣ್ಣಿಯ ಪಾತ್ರ ಬಾಯಿ ಬಿಡುತ್ತದೆ: ಯಕ್ಕಾ, ಹೊದಿಕಿ ಎಳಕೋ. ಸಣ್ಣವ್ವ ಕೈ ಎತ್ತುತ್ತಾರೆ.

"ನಿಂದರ್ರಿ ಮೆಹಬೂಬಣ್ಣ. ಇದನ್ನ ನಾ ಅಂದಿಲ್ಲ. ಮೊದಲ ಮಾತಾಡಿದಾಕಿ ಆಕಿ."

"ಹಂಗಾದ್ರ ಈ ನಾಟಕ..." ಎಂದು ಕವಿ ಹಾಳೆ ಮಡಚುವುದಕ್ಕೂ, ಗೋಡೆಯ ಮೇಲೆ ದೇವವ್ವನ ತಲೆ ಮೂಡುವುದಕ್ಕೂ ಸರಿಹೋಗುತ್ತದೆ. ಕೈಯಲ್ಲಿ ಬೂದಿ ಮೆತ್ತಿದ ತಂಬಿಗೆ.

"ಹೊದಿಕಿ ಎಳಕೊಂಡಾಕಿ ಯಾರ? ನಾನು. ಅಂದ ಮ್ಯಾಲ ಎಳಕೋ ಅಂದಾಕಿ ನೀನ ಅಲ್ಲೇನ?"

"ಗಡಗಡ ನಡಗಾಕ ಹತ್ತಿದ್ದಿ. ಮನಿ ಹಿರೇಕಿ, ಏನರ ಆದೀತು ಅಂತ ಜೀವ ತಡೀಲಿಲ್ಲ, ಅಂದೆ. ಅಂದ್ರ ಏನಾತೀಗ?"

ಅಂದ ಮೇಲೆ ಏನು ಒಪ್ಪಿಕೊಂಡೆ ಎನ್ನುವುದು ಸಣ್ಣವ್ವನಿಗೆ ಹೊಳೆಯುತ್ತದೆ. ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುತ್ತಾರೆ. ಆಚೆಯಿಂದ ದೇವವ್ವ ತಂಬಿಗೆಯನ್ನು ಗೋಡೆಯ ಮೇಲೆ ಇಡುತ್ತಾರೆ. ಆಮೇಲೆ ಸೆರಗಿನ ಒಳಗಿಂದಲೇ ಸಣ್ಣವ್ವನ ನಗೆ ಶುರುವಾಗುತ್ತದೆ. ನನಗೆ ಕಣ್ಣು ತುಂಬಿ ಬರುತ್ತದೆ, ಯಾಕೆ ಮುಚ್ಚಿಡಲಿ.

"ಹಾಕ್ರಿ ಮೆಹಬೂಬಣ್ಣ. ಅಂದಾಕಿ ನಾನ," ಎನ್ನುತ್ತಾರೆ ಸಣ್ಣವ್ವ. "ಆದ್ರ ಯಕ್ಕ ನಡಗಿದ್ದೂ ಹಾಕ್ರಿ."

ದೇವವ್ವ ಓಣಿ ಸುತ್ತಿ ಮುಂಬಾಗಿಲಿನಿಂದ ಒಳಗೆ ಬಂದು ಕೂಡುತ್ತಾರೆ. ನಾನು ಅಷ್ಟೇನೂ ನಡುಗಿಲ್ಲ ಎನ್ನುವುದು ಅವರ ವಾದ. ನೀ ನಡುಗಿದ್ದಕ್ಕೆ ನನಗೇ ನಿದ್ದೆ ಇರಲಿಲ್ಲ ಎನ್ನುವುದು ಇವರ ವಾದ. ಕವಿಗೆ ಓದುವುದಕ್ಕೆ ಸಂದೇ ಇಲ್ಲ. ಹಾಳೆಗಳನ್ನು ಚೀಲಕ್ಕೆ ಸೇರಿಸಿ ಗೋಡೆಗೆ ಒರಗಿ ಕೂತಿದ್ದಾರೆ. ನಾಟಕ ಹೇಗಾದರೆ ನಿಮಗೆ ಖುಷಿ ಎಂದು ಕೇಳುತ್ತೇನೆ.

"ಚಪ್ಪಾಳಿ ಯಾರರ ಹೊಡೀತಾರ ಬಿಡ್ರಿ," ಎನ್ನುತ್ತಾರೆ ಅವರು, ದನಿ ತಗ್ಗಿಸಿ. "ಇವರಿಬ್ರೂ ಹಿಂಗ ಜಗಳಾಡಕೋತ ಒಂದ ಬಸ್ಸಿನ್ಯಾಗ ನೋಡಾಕ ಬಂದ್ರ, ನನಗ ಅಷ್ಟ ಸಾಕು."