ಮನಿಯಾರ್ಡರಿನಲ್ಲಿ ಉಳಿದ ಜಾಗ

ಎಂಬತ್ತರ ದಶಕದಲ್ಲಿ ನಾನು ಶಿಡ್ಲಘಟ್ಟದ ಅಂಚೆ ಕಚೇರಿಯ ಜಗಲಿಯ ಮೇಲೆ ಎಂಟಾಣೆಗೊಂದು ಫಾರಂ ತುಂಬಿಕೊಡುವ ಮಹಾಪಂಡಿತ. ಎಸ್ಸೆಸ್ಸೆಲ್ಸಿ ಪಾಸು ಬೇರೆ. ರೇಷ್ಮೆ ನೂಲು ತೆಗೆಯುವ ಒಬ್ಬಾತ ತಿಂಗಳಿಗೊಮ್ಮೆ ಬರುತ್ತಿದ್ದ. ಕುದಿನೀರಿನಲ್ಲಿ ಗೂಡು ಕೆದಕಿ ಬೆಂದ ಬೆರಳುಗಳನ್ನು ಅಂಗಿಗೆ ಒರೆಸಿಕೊಂಡೇ ನೋಟು ತೆಗೆಯುವನು. ಬಿಟ್ಟುಹೋದ ಹೆಂಡತಿ ಇಬ್ಬರು ಹೆಣ್ಣುಮಕ್ಕಳೊಂದಿಗೆ ಮಂಚೇನಹಳ್ಳಿಯ ತವರಿನಲ್ಲಿದ್ದಳು. ಮಕ್ಕಳಿಗೆ ಜೀವನಾಂಶ ಕೊಡಬೇಕೆಂದು ಕೋರ್ಟು ಹೇಳಿತ್ತು. ಮಕ್ಕಳ ಮುಖ ತೋರಿಸಲು ಭಾವಮೈದುನರು ಒಪ್ಪಿರಲಿಲ್ಲ. ದುಡ್ಡಿಗೆ ಮಾತ್ರ ಆ ಮನೆಯ ಬಾಗಿಲು ಸದಾ ತೆರೆದಿತ್ತು.

ಮನಿಯಾರ್ಡರಿನ ತುದಿಯಲ್ಲಿ ಸಂದೇಶಕ್ಕೆಂದು ಬಿಟ್ಟ ಅಂಗೈಯಗಲದ ಜಾಗವೊಂದೇ ಅವನಿಗೆ ಮಕ್ಕಳೊಡನೆ ಮಾತಾಡಲು ಉಳಿದಿದ್ದ ದಾರಿ.

“ನಾನು ಹೇಳ್ದಂಗೇ ಬರೀರಿ ಸಾಮಿ. ದೊಡ್ಡೋಳ್ಗೆ ಕಿವಿನೋವು ಹೋಯ್ತಾ ಕೇಳಿ. ಚಿಕ್ಕೋಳು ಬಾವಿ ಹತ್ರ ಹೋಗ್ಬಾರ್ದು ಅಂತ ಬರೀರಿ.”

ಅವನಿಗೆ ಓದು ಬಾರದು, ನನಗೆ ಬುದ್ಧಿ ಬಾರದು. ಕೋರ್ಟಿನ ವ್ಯವಹಾರದಲ್ಲಿ ಕಿವಿನೋವು ಶೋಭಿಸದೆಂದು ತಿಂಗಳು ತಿಂಗಳೂ ನಾನು ಬರೆದದ್ದು ಒಂದೇ: “ನ್ಯಾಯಾಲಯದ ಆದೇಶದಂತೆ ಜೀವನಾಂಶ ಕಳುಹಿಸಿದೆ.” ಎಂಥ ಗಂಭೀರ ಕನ್ನಡ!

ಮೂರು ವರ್ಷದ ಮೇಲೆ, ಹಣ ಮುಟ್ಟಿದ ಚೀಟಿ ಹಿಡಿದು ಓಡೋಡಿ ಬಂದ. “ಈ ಸಲ ಸೈನ್ ಕೆಳ್ಗೆ ಏನೋ ಬರ್ದವ್ರೆ, ಮಗಳೇ ಇರ್ಬೇಕು ಸಾಮಿ, ಓದಿ!”

ತಾಯಿಯ ಸಹಿಯ ಕೆಳಗೆ ದುಂಡನೆಯ ಅಕ್ಷರದಲ್ಲಿತ್ತು: “ನ್ಯಾಯಾಲಯದ ಆದೇಶದಂತೆ ಜೀವನಾಂಶ ತಲುಪಿದೆ.” ಶಿಷ್ಯೆ ಗುರುವನ್ನು ಮೀರಿಸಿದ್ದಳು.

“ನೀನು ಬರೆಸೋದನ್ನೆಲ್ಲಾ ಓದ್ತೀವಿ ಅಪ್ಪಾ, ಅಂತ ಬರ್ದವ್ಳೆ ಕಣಪ್ಪ” ಎಂದೆ.

ಅವನು ಜಗಲಿಯ ಮೇಲೆ ನನ್ನ ಪಕ್ಕಕ್ಕೇ ಬಂದು ಕೂತ. “ಇನ್ನೊಂದ್ಸಲ ಓದಿ ಸಾಮಿ.”

ಚೀಟಿಯ ಮೇಲೆ ಬೆರಳಾಡಿಸುತ್ತ, ಅದೇ ಸುಳ್ಳನ್ನು ಒಂದಕ್ಷರವೂ ತಪ್ಪದ ಹಾಗೆ ಮತ್ತೆ ಓದಿದೆ.