ಕೆಮ್ಮು ಬಾರದವಳ ಪುಸ್ತಕ

ನೀವು ಇದನ್ನು ನಂಬುವುದಿಲ್ಲ, ಬೇಕಾದರೆ ಪಣ ಕಟ್ಟಿ. ನಮ್ಮ ಮನೆಗೆ ಒಂದು ಮೂಟೆ ಪುಸ್ತಕ ಬಂದದ್ದು ನಾನು ಆಡಿದ ಒಂದೇ ಮಾತಿನಿಂದ. ಕೊಡಗು ಮೈಸೂರಿಗೆ ಸೇರಬೇಕೋ ಬೇಡವೋ ಎಂದು ದೊಡ್ಡವರು ಕಚ್ಚಾಡುತ್ತಿದ್ದ ಕಾಲ. ಸೋಮವಾರಪೇಟೆಯ ಚರ್ಚಿಗೆ ಬಂದಿದ್ದ ಮಿಷನ್ ದೊರೆಸಾನಿ, "ನಿನ್ನ ತಂದೆ ಏನು ಮಾಡುತ್ತಾರೆ?" ಎಂದರು.

"ರೈಟರ್," ಎಂದೆ.

ಎಸ್ಟೇಟಿನಲ್ಲಿ ರೈಟರ್ ಅಂದರೆ ಆಳುಗಳ ಹಾಜರಿ ಬರೆಯುವ ಗುಮಾಸ್ತ. ದೊರೆಸಾನಿ ಗ್ರಂಥಕರ್ತನೆಂದುಕೊಂಡು ಕಣ್ಣರಳಿಸಿದರು. ತಿದ್ದಲು ನನಗೇನು ಹುಚ್ಚೇ?

"ಈಗ ಏನು ಬರೆಯುತ್ತಿದ್ದಾರೆ?"

"ದಿನಾ ಬರೀತಾರೆ ಅಮ್ಮಾ. ಊರವರ ಕಥೆಯೆಲ್ಲಾ ಅದರಲ್ಲೇ."

ಮುಂದಿನ ವಾರ, ಗ್ರಂಥಕರ್ತರ ಮನೆಗೆಂದು ದೊರೆಸಾನಿ ಕಳಿಸಿದ ಪುಸ್ತಕದ ಮೂಟೆ ಬಸ್ಸಿನ ಮೇಲೆ ಬಂತು. ಅದನ್ನು ಇಳಿಸಿದಾಗ ಬಸ್ಸು ಒಂದಡಿ ಮೇಲೆದ್ದಿತು.

ಅಕ್ಕ ಆಗ ಕ್ಷಯದಿಂದ ಮಲಗಿದ್ದಳು. "ನಂಗೆ ಜಾಸ್ತಿ ಓದಿಸ್ಕೊಂಡು ಕೇಳೋಕೆ ಟೈಮಿಲ್ಲ ಕಣೋ," ಎಂದಳು. "ಒಂದೇ ಆರ್ಸು. ಸುಳ್ಳು ಹೇಳದಿರೋದು."

ಯಾವುದನ್ನು ಆರಿಸಲಿ ಎಂದು ಅಪ್ಪನನ್ನು ಕೇಳಿದೆ. "ಕಾಫಿ ಪಿಕಿಂಗ್ ಥರಾನೇ. ಕೆಂಪು ಹಣ್ಣು ಕೀಳು, ಹಸಿರು ಕಾಯಿ ಬಿಡು. ದೇವರ ವಿಷ್ಯ ಇರೋದು ಮಾತ್ರ ಓದು," ಎಂದರು. ಮೂಟೆಯಲ್ಲಿ ದೇವರಿಲ್ಲದ ಪುಸ್ತಕವೇ ಇರಲಿಲ್ಲ.

ಮೊದಲು ಕೈಗೆ ಸಿಕ್ಕಿದ್ದು, ಹೆಂಗಸರು ಕನ್ನಡಿ ನೋಡುವುದು ಪಾಪ ಎಂದು ಸಾಧಿಸುವ ಪುಸ್ತಕ.

"ನಾನು ಕನ್ನಡಿ ನೋಡಿ ಯಾವ ಕಾಲ ಆಯ್ತೋ! ಸ್ವರ್ಗಕ್ಕೆ ಆಗ್ಲೇ ಪಾಸು ನಾನು. ಮುಂದಿಂದು ತೆಗಿ," ಎಂದಳು ಅಕ್ಕ.

ಎರಡನೆಯದನ್ನು ಅಪ್ಪನೇ ಆರಿಸಿದರು. ಅದರಲ್ಲಿ ಅಕ್ಕನದೇ ಕಾಯಿಲೆಯ ಹುಡುಗಿಯೊಬ್ಬಳು ಪುಟಗಟ್ಟಲೆ ಹಾಡುತ್ತಾ ಸಾಯುತ್ತಾಳೆ.

"ಏಯ್, ಇವಳಿಗೆ ಕೆಮ್ಮೇ ಬರಲ್ವಾ?"

"ಬರುತ್ತೆ, ಕೇಳು," ಎಂದು ನಾನೇ ಕೆಮ್ಮು ಸೇರಿಸಿದೆ. ಹುಡುಗಿ ಕೆಮ್ಮಿದ ರಭಸಕ್ಕೆ ದೇವದೂತರು ರೆಕ್ಕೆ ಮುಚ್ಚಿಕೊಂಡು ಮಂಚದಡಿ ಅಡಗಿದರು. ಪಾದ್ರಿಯ ಟೋಪಿ ಹಾರಿ ಕಾಫಿ ಕಣದಲ್ಲಿ ಬಿತ್ತು. ಅಕ್ಕ ನಕ್ಕಳು. ನಗು ಕೆಮ್ಮಾಯಿತು. ಟವೆಲಿನಲ್ಲಿ ಬಂದದ್ದನ್ನು ನನಗೆ ಕಾಣದಂತೆ ಮಡಿಸಿಟ್ಟಳು.

"ಈಗ ಬರ್ದಿರೋದನ್ನ ಮಾತ್ರ ಹೇಳು. ಅವಳಿಗೆ ಭಯ ಆಯ್ತಾ?"

ಪುಟ ತಿರುವಿದೆ. ಬೆಳಕಿತ್ತು, ಹಾಡಿತ್ತು, ಮುಗುಳ್ನಗೆ ಇತ್ತು. ಇನ್ನೊಂದು ಸುಳ್ಳು ಹೊಸೆಯುವುದು ನನಗೆ ನೀರು ಕುಡಿದಷ್ಟು ಸುಲಭ. ಹೊಸೆಯಲಿಲ್ಲ.

"ಭಯದ ಮಾತೇ ಇಲ್ಲ ಅಕ್ಕಾ."

"ಹಂಗಾದ್ರೆ ಇದು ಬೇಡ. ನಂಗೆ ಭಯ ಆಗ್ತಿದೆ. ದೇವ್ರನ್ನ ನಂಬಿನೂ ಹೆದರಿದೋರು ಯಾರಾದ್ರೂ ಬರ್ದಿರ್ತಾರೆ. ಹುಡ್ಕೋ, ಬೇಗ."

ಮೂಟೆಯನ್ನು ನೆಲಕ್ಕೆ ಸುರಿದು ಒಂದೊಂದನ್ನೇ ತೆರೆದೆ. ಅರ್ಧವೂ ಮುಗಿದಿರಲಿಲ್ಲ, ಅಪ್ಪ ಬೂಟುಕಾಲಲ್ಲೇ ಒಳಗೆ ಬಂದರು. ಹೊರಗೆ ಎಸ್ಟೇಟಿನ ಜೀಪು ಗುರುಗುಡುತ್ತಿತ್ತು.

"ಏಳಮ್ಮಾ. ದೊರೆ ಜೀಪು ಕೊಟ್ಟಿದಾರೆ. ಮೈಸೂರು ಆಸ್ಪತ್ರೆಗೆ ಹೋಗಣ."

"ಸ್ವಲ್ಪ ತಡೀರಪ್ಪಾ, ಇವ್ನು ಪುಸ್ತಕ ಹುಡುಕ್ತಿದಾನೆ."

ಅಪ್ಪ ಅತ್ತಿತ್ತ ನೋಡಿ, ಹಾಸಿಗೆಯ ಮೇಲಿದ್ದ ಹಾಡುವ ಹುಡುಗಿಯ ಪುಸ್ತಕವನ್ನೇ ತೆಗೆದು ಅಕ್ಕನ ಶಾಲಿನೊಳಗೆ ಸಿಕ್ಕಿಸಿದರು. "ಇದೇ ಒಳ್ಳೇದಮ್ಮಾ," ಎಂದು ಅವಳನ್ನು ಎತ್ತಿಕೊಂಡು ಹೊರಟರು.