ಮೂಗು ಮೇಷ್ಟ್ರ ಬೆರಳು

ಡ್ರಿಲ್ ಮೇಷ್ಟ್ರಿಗೆ ಹುಡುಗರಿಟ್ಟ ಹೆಸರು ಮೂಗು ಮೇಷ್ಟ್ರು. ಅವರು ಅದನ್ನು ಬಿರುದೆಂದೇ ತಿಳಿದಿದ್ದರು. ಹೈಸ್ಕೂಲಿನಲ್ಲಿ ಸಿಗರೇಟು ಸೇದುವವರನ್ನು ಹಿಡಿಯುವುದು ಅವರ ಕೆಲಸ. ದಿನಾ ಬೆಳಿಗ್ಗೆ ಗೇಟಿನಲ್ಲಿ ನಿಂತು ಒಬ್ಬೊಬ್ಬ ಹುಡುಗನ ಕೈ ಎಳೆದು ಬೆರಳು ಮೂಸುವರು. ಅದಕ್ಕೂ ಮೊದಲು ಡಬ್ಬಿ ತೆರೆದು ಹೊಗೆಸೊಪ್ಪಿನ ನಶ್ಯವನ್ನು ಚಿಟಿಕೆಯಷ್ಟು ಏರಿಸುವರು. ಮೂಗು ಚುರುಕಾಗಬೇಕಲ್ಲ!

ಆ ಮೂಗು ಸತ್ತು ಎಷ್ಟೋ ವರ್ಷವಾಗಿತ್ತು. ಒಮ್ಮೆ ಹಾಲು ಸೀದು ಮನೆಯೆಲ್ಲ ನಾರುತ್ತಿದ್ದರೂ ಒಲೆಯ ಪಕ್ಕದಲ್ಲೇ ಪೇಪರ್ ಓದುತ್ತಿದ್ದ ಗಂಡನಿಗೆ ಹೆಂಡತಿ, "ಅದೇನು ಕನ್ನಡಕ ನೇತುಹಾಕೋ ಗೂಟಾನೇನ್ರೀ?" ಎಂದಿದ್ದಳು.

ವಾಸನೆ ಹತ್ತದ ಮೇಷ್ಟ್ರು ಮುಖ ನೋಡಿ ತೀರ್ಪು ಕೊಡುತ್ತಿದ್ದರು. ನಡುಗಿದವನು ಕಳ್ಳ. ಸೈಕಲ್ ಶೆಡ್ಡಿನ ಹಿಂದೆ ನಿಜವಾಗಿ ಹೊಗೆ ಬಿಟ್ಟು ಬಂದವರು "ನಮಸ್ಕಾರ ಸಾರ್" ಎಂದು ರಾಜಾರೋಷವಾಗಿ ಕೈ ಚಾಚಿ ಒಳಗೆ ಹೋಗುವರು.

ಆ ದಿನ ನಡುಗಿದವನು ಒಂಬತ್ತನೇ ಕ್ಲಾಸಿನ ಒಬ್ಬ ಪುಕ್ಕಲ. ಹಿಡಿದ ಕೈ ಬಿಡದೆ ಮೇಷ್ಟ್ರು ಅವನನ್ನು ದರದರ ಹೆಡ್‌ಮಿಸ್ ಕೋಣೆಗೆ ಎಳೆದೊಯ್ದರು.

"ಇವತ್ತೇ ಟಿಸಿ ಕೊಟ್ಟು ಕಳಿಸಿ ಮೇಡಂ."

"ನಾನು ಸೇದಿಲ್ಲ ಮಿಸ್," ಹುಡುಗ ಬಿಕ್ಕಿದ. "ಟಿಸಿ ಕೊಟ್ರೆ ಅಪ್ಪ ಓದು ಬಿಡಿಸಿ ಗ್ಯಾರೇಜಿಗೆ ಹಾಕ್ತಾರೆ."

ಹೆಡ್‌ಮಿಸ್ ಅವನ ಬೆರಳು ಮೂಸಿದರು. ಹೊಗೆಸೊಪ್ಪಿನ ಘಾಟು ಗಪ್ಪೆಂದು ಬಡಿಯಿತು. ನಿಟ್ಟುಸಿರಿಟ್ಟು ಪೆನ್ನಿನ ಮುಚ್ಚಳ ತೆಗೆದರು. ಮೇಷ್ಟ್ರ ಎದೆ ಉಬ್ಬಿತು.

ಅಷ್ಟರಲ್ಲಿ ಚಾಕ್‌ಪೀಸ್ ಕೇಳಲು ಬಂದಿದ್ದ ಕ್ಲಾಸ್ ಲೀಡರ್, ಬಾಗಿಲಲ್ಲೇ ನಿಂತು ಕೈ ಮುಂದೆ ಮಾಡಿದ. "ನಂದೂ ನೋಡಿ ಮಿಸ್. ಸಾರ್ ಮುಟ್ಟಿದ ಮೇಲೆ ನಮ್ಮೆಲ್ಲರ ಕೈನೂ ಹಿಂಗೇ ನಾರುತ್ತೆ. ಸೋಪು ಹಾಕಿದ್ರೂ ಹೋಗಲ್ಲ."

ಮೂಸಿದರೆ ಅದೇ ಘಾಟು.

"ಎಲ್ಲಿ, ನಿಮ್ಮ ಕೈ ಕೊಡಿ ಮೇಷ್ಟ್ರೇ."

ಮೇಷ್ಟ್ರು ಎರಡೂ ಕೈ ಬೆನ್ನ ಹಿಂದೆ ಅಡಗಿಸಿದರು, ಥೇಟ್ ಸಿಕ್ಕಿಬಿದ್ದ ಹುಡುಗನ ಹಾಗೆ. "ಇದು ನಶ್ಯ ಮೇಡಂ, ಸೇದೋದಲ್ಲ. ನೆಗಡಿಗೆ ಔಷಧಿ..."

"ಬಾಯಿ ಬದಲು ಮೂಗಲ್ಲಿ ಹೋದ್ರೆ ಹೊಗೆಸೊಪ್ಪು ಮಡಿಯಾಗುತ್ತಾ?" ಹೆಡ್‌ಮಿಸ್ ಪೆನ್ನು ಮುಚ್ಚಿ, "ಹೋಗಪ್ಪಾ, ಕ್ಲಾಸಿಗೆ ಹೋಗು," ಎಂದು ಪುಕ್ಕಲನನ್ನು ಕಳಿಸಿದರು. ಆಮೇಲೆ ಮೇಷ್ಟ್ರತ್ತ ತಿರುಗಿ, "ಡಬ್ಬಿನೋ ಗೇಟೋ, ಒಂದನ್ನ ಬಿಡಿ."

ಮೇಷ್ಟ್ರು ಹೆಚ್ಚು ಯೋಚಿಸಲಿಲ್ಲ. ಮೊಣಕಾಲು ನೋವೆಂದು ಹೇಳಿ ಗೇಟು ಬಿಟ್ಟರು.

ಮರುದಿನದಿಂದ ಗೇಟಿಗೆ ಹೆಡ್‌ಮಿಸ್ಸೇ ಬಂದು ನಿಂತರು. ಮೂಗು ಮೇಷ್ಟ್ರನ್ನು ನೆನೆದು ನಿಜವಾಗಿ ಮರುಗಿದವರೆಂದರೆ ಸೈಕಲ್ ಶೆಡ್ಡಿನ ಹಿಂದಿನವರು ಮಾತ್ರ.